ಗೀಳು ರೋಗವೂ ಮಿದುಳಿನ ಸುತ್ತುದಾರಿಯೂ

ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಕಟಪಾಡಿ ಸಿಗುತ್ತದೆ. ಅದರ ನೆರೆಯ ಶಂಕರಪುರ ಮಲ್ಲಿಗೆಗೆ ಹೆಸರಾದ ಊರು. ಅಲ್ಲಿನ ಮನೆಗಳಲ್ಲಿ ಮೊಗ್ಗುಗಳನ್ನು ಬಾಳೆನಾರಿನಿಂದ ಕಟ್ಟುತ್ತಾರೆ. 800 ಹೂಗಳಿಗೆ ಒಂದು ಚೆಂಡು, 4 ಚೆಂಡುಗಳಿಗೆ ಒಂದು ಅಟ್ಟೆ. ಎಣಿಕೆ ತುಂಬಿತೆಂದರೆ ಕಟ್ಟುವಾಕೆ ನಾರಿಗೆ ಗಂಟು ಹಾಕಿ ನಿಶ್ಚಿಂತೆಯಿಂದ ಕೈಬಿಡುತ್ತಾಳೆ. ಎಣಿಕೆಯನ್ನು ಇರಿಸಿದ್ದು ನೆನಪು. ಆದರೆ ಕೆಲಸ ಮುಗಿಯಿತೆಂಬ ಸಮಾಧಾನವನ್ನು ಕೊಟ್ಟದ್ದು ಮಿದುಳಿನ ಮತ್ತೊಂದು ಏರ್ಪಾಡು. ಆ ಏರ್ಪಾಡು ಹದಗೆಟ್ಟರೆ ಏನಾದೀತು?

ಕಟಪಾಡಿಯಿಂದ ಉಡುಪಿಯ ಕಾಲೇಜಿಗೆ ಹೊರಟ ವಿದ್ಯಾರ್ಥಿಯೊಬ್ಬನಿದ್ದಾನೆ ಎನ್ನೋಣ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್ಸಿನ ತನಕ ಬಂದವನಿಗೆ ‘ಬೀಗ ಬಿದ್ದಿದೆಯೇ?’ ಎಂಬ ಸಂಶಯ ಹುಟ್ಟಿತು. ಮರಳಿ ಹೋಗಿ ನೋಡಿದ. ಇಷ್ಟು ನಮಗೆಲ್ಲರಿಗೂ ಆಗುವಂತಹದೇ. ಆದರೆ ಇಪ್ಪತ್ತು ಬಾರಿ ನೋಡಿದ ಮೇಲೂ ಸಂಶಯ ತೀರದೆ, ಬಸ್ಸೂ ಪಾಠವೂ ತಪ್ಪಿ, ದಿನದಿನವೂ ಗಂಟೆಗಟ್ಟಲೆ ಕಾಲ ಇದಕ್ಕೇ ಸಂದರೆ ಅದು ರೋಗ. ವೈದ್ಯರು ‘ಒ.ಸಿ.ಡಿ.’ ಎನ್ನುವ ಇದನ್ನು ನಾವು ಗೀಳು ರೋಗವೆಂದು ಕರೆಯೋಣ. ಬೇಡವೆಂದರೂ ನುಗ್ಗಿಬರುವ ಯೋಚನೆ ಅದರ ಒಂದು ಮುಖ. ಆ ಕಳವಳವನ್ನು ತಣಿಸಲು ಮಾಡಿದ್ದನ್ನೇ ಮಾಡುವುದು ಇನ್ನೊಂದು ಮುಖ. ಬೀಗ ಬಿದ್ದಿದೆಯೆಂದು ಬುದ್ಧಿ ಬಲ್ಲದು; ಮನಸ್ಸು ಒಪ್ಪದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ವಯಸ್ಕರಲ್ಲಿ ಸಾವಿರಕ್ಕೆ ಸುಮಾರು 8 ಮಂದಿಗೆ ಈ ರೋಗವಿದ್ದಿತು. ಅದು ಅನೇಕರಲ್ಲಿ ತಲೆದೋರುವುದು ಹರೆಯದಲ್ಲಿ, ಎಂದರೆ ಈ ಲೇಖನದ ಓದುಗರ ವಯಸ್ಸಿನಲ್ಲಿಯೇ.

ಈಗ ಮಿದುಳಿನ ಒಳಗೆ ಇಣುಕೋಣ. ಕಣ್ಣಿನ ಗೂಡುಗಳ ಮೇಲ್ಗಡೆ, ಹಣೆಯ ಹಿಂದೆ, ಮಿದುಳಿನ ಹೊರಪದರದ ಒಂದು ಭಾಗವಿದೆ. ‘ಏನೋ ತಪ್ಪಿದೆ’ ಎಂಬ ಎಚ್ಚರಿಕೆ ಹುಟ್ಟುವುದರಲ್ಲಿ ಇದರ ಪಾಲು ದೊಡ್ಡದು. ಇಲ್ಲಿಂದ ಹೊರಟ ನರತಂತುಗಳು ಮಿದುಳಿನ ಆಳದಲ್ಲಿರುವ ಕಾಡೇಟ್ ಎಂಬ ನರಕೋಶಗಳ ಗುಂಪನ್ನು ಸೇರುತ್ತವೆ. ಅಲ್ಲಿಂದ ಸುದ್ದಿಯು ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗವನ್ನು ಹಾದು ಥಲಾಮಸ್ಸಿಗೆ, ಥಲಾಮಸ್ಸಿನಿಂದ ತಿರುಗಿ ಹೊರಪದರಕ್ಕೆ ಬರುತ್ತದೆ. ಸುತ್ತು ಪೂರ್ಣವಾಯಿತು. ಕಾಡೇಟಿನಿಂದ ಮುಂದಕ್ಕೆ ಎರಡು ಹಾದಿಗಳುಂಟು. ಒಂದು, ಥಲಾಮಸ್ಸಿನ ಮೇಲಿರುವ ತಡೆಯನ್ನು ಸಡಿಲಿಸುತ್ತದೆ, ಇನ್ನೊಂದು, ಬಿಗಿಮಾಡುತ್ತದೆ. ಎರಡೂ ಸಮತೂಕದಲ್ಲಿದ್ದರೆ ಕೆಲಸ ಮುಗಿದೊಡನೆ ಎಚ್ಚರಿಕೆಯೂ ಅಡಗುತ್ತದೆ. ಸಡಿಲಿಸುವ ಹಾದಿಯ ಕೈ ಮೇಲಾದರೆ ಅದೇ ಸುದ್ದಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಗೀಳು ರೋಗಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು.

ಇದಕ್ಕೆ ಆಧಾರಗಳಿವೆ. ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಬಳಸುತ್ತಿದೆಯೆಂಬುದನ್ನು ‘ಪೆಟ್’ ಎಂಬ ಯಂತ್ರ ತೋರಿಸಬಲ್ಲದು. ಲಾಸ್ ಏಂಜಲಿಸ್‌ನ ಲೂಯಿಸ್ ಬ್ಯಾಕ್ಸ್ಟರ್ ಮತ್ತು ಸಂಗಡಿಗರು 1987ರಲ್ಲಿ, ಈ ರೋಗಿಗಳಲ್ಲಿ ಹಣೆಯ ಹಿಂದಿನ ಆ ಭಾಗವೂ ಕಾಡೇಟೂ ಮಿತಿಮೀರಿ ದುಡಿಯುತ್ತಿರುವುದನ್ನು ಕಂಡರು. 1992ರಲ್ಲಿ ಅವರು 9 ಮಂದಿಗೆ ಔಷಧವನ್ನೂ, 9 ಮಂದಿಗೆ ಔಷಧವಿಲ್ಲದೆ ಅಭ್ಯಾಸದ ಚಿಕಿತ್ಸೆಯನ್ನೂ ಕೊಟ್ಟು ನೋಡಿದರು. ಎರಡು ಗುಂಪುಗಳಲ್ಲಿಯೂ, ಗುಣ ಕಂಡವರ ಬಲಗಡೆಯ ಕಾಡೇಟಿನ ಅತಿದುಡಿಮೆ ಇಳಿದಿದ್ದಿತು. ಗುಳಿಗೆ ಮಾಡಿದ ಕೆಲಸವನ್ನು ಅಭ್ಯಾಸವೂ ಮಾಡಿತ್ತು!

ಈ ಅಭ್ಯಾಸದ ಕ್ರಮವನ್ನು 1966ರಲ್ಲಿ ಮೊದಲಿಗೆ ವಿವರಿಸಿದವನು ಲಂಡನ್ನಿನ ವಿಕ್ಟರ್ ಮೇಯರ್. ನಮ್ಮ ವಿದ್ಯಾರ್ಥಿ ಬೀಗವನ್ನು ಒಂದೇ ಬಾರಿ ನೋಡಿ ಹೊರಡಬೇಕು. ಸಂಶಯ ಎಷ್ಟೇ ಕಾಡಿದರೂ ಮರಳಬಾರದು. ಕಳವಳ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ತಾನಾಗಿಯೇ ಇಳಿಯುತ್ತದೆ. ತಜ್ಞರ ನೆರವಿನಿಂದ ಮೆಲ್ಲಮೆಲ್ಲನೆ ಇದನ್ನು ಸಾಧಿಸಿದಂತೆ, ಭಯಪಟ್ಟದ್ದು ನಡೆಯಲಿಲ್ಲವೆಂಬುದನ್ನು ಮಿದುಳು ಕಲಿಯುತ್ತದೆ. ಔಷಧಗಳಲ್ಲಿ ಮುಖ್ಯವಾದವು, ಸೆರೊಟೋನಿನ್ ಎಂಬ ರಾಸಾಯನಿಕವು ನರಕೋಶಗಳ ನಡುವೆ ಹೆಚ್ಚು ಕಾಲ ಉಳಿಯುವಂತೆ ಮಾಡುವ ಫ್ಲೂವಾಕ್ಸೆಟೀನ್ ಮೊದಲಾದವು. ಇವುಗಳ ಗುಣ ತಿಳಿಯಲು 8ರಿಂದ 12 ವಾರ ಬೇಕು. ನಡುವೆ ತಾವಾಗಿಯೇ ಬಿಡಬಾರದು. ಯಾವುದಕ್ಕೂ ಮಣಿಯದ ಕೆಲವೇ ರೋಗಿಗಳಿಗೆ ಮಿದುಳಿನ ಆಳಕ್ಕೆ ಸಣ್ಣ ತಂತಿಗಳನ್ನಿಳಿಸಿ ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯೂ ಉಂಟು.

ಮಡಿಮೈಲಿಗೆಯ ರೂಢಿಯಿರುವ ಮನೆಗಳಲ್ಲಿ ಈ ರೋಗ ಬಹುಕಾಲ ಮರೆಯಲ್ಲಿ ಉಳಿದೀತು. ಆದರೆ ಅಂತರ ಸ್ಪಷ್ಟವಿದೆ. ಮಿಂದು ಮಡಿಯುಟ್ಟಾಕೆಯ ನೇಮಕ್ಕೆ ಒಂದು ಕೊನೆಯಿದೆ. ಆಕೆ ನೆಮ್ಮದಿಯಿಂದ ಒಲೆಯ ಕಡೆಗೆ ನಡೆಯುತ್ತಾಳೆ. ಚರ್ಮ ಬಿರಿಯುವ ತನಕ ಕೈತೊಳೆಯುವವಳ ತೊಳೆತಕ್ಕೆ ಕೊನೆಯೂ ಇಲ್ಲ, ನೆಮ್ಮದಿಯೂ ಇಲ್ಲ. ‘ಅಮ್ಮಾ, ಕೈ ಶುದ್ಧವಾಯಿತೇ?’ ಎಂದು ಮಗಳು ನೂರು ಸಲ ಕೇಳಿದರೆ ನೂರು ಸಲವೂ ‘ಆಯಿತು ಮಗಾ’ ಎನ್ನುವ ತಾಯಿ ಮರುಕದಿಂದಲೇ ಆ ಸುತ್ತನ್ನು ಉದ್ದಮಾಡುತ್ತಾಳೆ. ಬೈದರೂ ಪ್ರಯೋಜನವಿಲ್ಲ, ಇದು ಹಟವಲ್ಲ, ಸೋಮಾರಿತನವಲ್ಲ.

ನಾಚಿಕೆಯಿಂದ ವರ್ಷಗಟ್ಟಲೆ ಬಚ್ಚಿಡುವುದೇ ಈ ರೋಗಿಗಳಿಗೆ ಆಗುವ ದೊಡ್ಡ ನಷ್ಟ. ಕಟಪಾಡಿಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯ ವಿಭಾಗ ದೂರವಲ್ಲ. ನಿಮ್ಹಾನ್ಸಿನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಮಾತನಾಡಬಹುದು. ಹಲ್ಲುನೋವನ್ನು ಮನೆಯವರಿಗೆ ಹೇಳಿಕೊಳ್ಳುವಷ್ಟೇ ಸಹಜವಾಗಿ ಇದನ್ನೂ ಹೇಳಿಕೊಳ್ಳುವುದು ಗುಣದ ದಾರಿಯ ಮೊದಲ ಹೆಜ್ಜೆ.