ಕಾಯವನ್ನೇ ಕಾಯಕವಾಗಿಸಿಕೊಂಡ ಯೋಗಾಚಾರ್ಯ

ದಿಗ್ಗೇವಾಡಿ, ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ನಮಗೆ ಪುಣೆ ಪರವೂರಲ್ಲ. ಮಗನ ನೌಕರಿ, ಮಗಳ ಸಂಸಾರ, ಹಿರಿಯರ ಔಷಧೋಪಚಾರ ಹೀಗೆ ಒಂದಿಲ್ಲೊಂದು ನೆಪದಿಂದ ಕುಡಚಿಯಲ್ಲಿಯೋ ರಾಯಬಾಗದಲ್ಲಿಯೋ ರೈಲು ಹತ್ತಿ ಮಿರಜ ಮಾರ್ಗವಾಗಿ ಪುಣೆಯನ್ನು ಸೇರದ ಮನೆತನ ನಮ್ಮಲ್ಲಿ ವಿರಳ. ಆದರೆ ಅದೇ ಪುಣೆಯಲ್ಲಿ ಎಪ್ಪತ್ತೇಳು ವರ್ಷ ಬಾಳಿ, ಜಗತ್ತಿನ ನಾನಾ ದೇಶಗಳ ಜನರನ್ನು ತಮ್ಮ ಬಾಗಿಲಿಗೆ ಬರಮಾಡಿಕೊಂಡ ಕನ್ನಡಿಗರೊಬ್ಬರ ಬಾಳಿಗೆ ನಮ್ಮ ಬೆಳಗಾವಿಯೇ ತಿರುವು ಕೊಟ್ಟಿತೆಂಬುದು ನಮ್ಮ ಜನರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಅವರೇ ಕೀರ್ತಿಶೇಷ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರರು. 2014ನೆಯ ಇಸವಿಯ ಆಗಸ್ಟ್ 20ರಂದು ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ಅವರು ಪುಣೆಯಲ್ಲಿ ದೇಹವಿಟ್ಟರು.

ಅವರು ಶ್ರೀವೈಷ್ಣವ ಮನೆತನದಲ್ಲಿ ಜನಿಸಿದವರು, ಕೊನೆಯವರೆಗೂ ತಮ್ಮ ಆಚಾರದಲ್ಲಿ ನಿಷ್ಠರಾಗಿದ್ದವರು. ನಮ್ಮ ಪತ್ರಿಕೆಯಲ್ಲಿ ಅವರ ಸ್ಮರಣೆ ಏಕೆಂದು ಯಾರಾದರೂ ಕೇಳಬಹುದು. ದೇಹವನ್ನು ಹೇಯವೆಂದು ತಳ್ಳದೆ, ಅದನ್ನೇ ಗುಡಿಯೆಂದು ಬಗೆದ ಶರಣರ ಮಾರ್ಗದಲ್ಲಿ ನಡೆವ ನಮಗೆ, ಆ ಗುಡಿಯ ಒಂದೊಂದು ಕಲ್ಲನ್ನೂ ಜೀವಮಾನವಿಡೀ ಒರೆಸಿ ಇಟ್ಟ ಒಬ್ಬ ಸಾಧಕ ಹೇಗೆ ಅನ್ಯನಾದಾನು?

ಅಯ್ಯಂಗಾರರು ಜನಿಸಿದ್ದು 1918ನೆಯ ಇಸವಿಯ ಡಿಸೆಂಬರ್ 14ರಂದು, ಕೋಲಾರ ಜಿಲ್ಲೆಯ ಬೆಳ್ಳೂರೆಂಬ ಹಳ್ಳಿಯಲ್ಲಿ. ಅದು ಲೋಕವನ್ನೆಲ್ಲ ಇನ್‌ಫ್ಲುಯೆಂಜಾ ಮಾರಿ ಬಾಚಿ ಕೊಂಡೊಯ್ಯುತ್ತಿದ್ದ ವರ್ಷ. ತಾಯಿ ಶೇಷಮ್ಮನವರಿಗೆ ಗರ್ಭಿಣಿಯಾಗಿರುವಾಗಲೇ ಆ ಜ್ವರ ತಗುಲಿದ್ದಿತು. ತಂದೆ ಕೃಷ್ಣಮಾಚಾರ್ಯರು ಶಾಲಾ ಉಪಾಧ್ಯಾಯರು. ಹದಿಮೂರು ಮಕ್ಕಳ ಪೈಕಿ ಹನ್ನೊಂದನೆಯವನಾಗಿ ಹುಟ್ಟಿದ ಈ ಕೂಸು ಬದುಕುವುದೇ ಅನುಮಾನವಾಗಿದ್ದಿತು. ಮುಂದೆ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಎಂದು ಒಂದಾದ ಮೇಲೊಂದು ವ್ಯಾಧಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ, ತಲೆ ಭಾರ: ತಮ್ಮ ಬಾಲ್ಯದ ರೂಪವನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೀಗೆಯೇ ವರ್ಣಿಸಿಕೊಳ್ಳುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯವರೂ ತೀರಿಕೊಂಡರು. ಅಣ್ಣಂದಿರ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಬಾಲಕನ ಓದು ಹೇಗೋ ಸಾಗಿತು.

ಅವನ ಅಕ್ಕ ನಾಮಗಿರಿಯಮ್ಮನವರ ಪತಿ ತಿರುಮಲೈ ಕೃಷ್ಣಮಾಚಾರ್ಯರು ದೊಡ್ಡ ವಿದ್ವಾಂಸರು, ಯೋಗಪಟುಗಳು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸುತ್ತಿದ್ದವರು. 1934ರಲ್ಲಿ ಅವರು ಈ ಭಾವಮೈದುನನನ್ನು ಮೈಸೂರಿಗೆ ಕರೆಸಿಕೊಂಡರು. ಕರೆಸಿಕೊಂಡರೇ ಹೊರತು ಶಿಷ್ಯನೆಂದು ಒಪ್ಪಿಕೊಳ್ಳಲಿಲ್ಲ. ಬಗ್ಗಿದರೆ ಕೈಬೆರಳು ಮೊಣಕಾಲಿಗೂ ತಲುಪದ ಹುಡುಗನಿಗೆ ಯೋಗ ದಕ್ಕಲಾರದೆಂಬುದು ಅವರ ತೀರ್ಮಾನವಾಗಿದ್ದಿತು. ಮನೆಗೆಲಸ, ಶಾಲೆ, ಭಾವನವರ ಗದರಿಕೆ, ಇವುಗಳ ನಡುವೆ ದಿನಗಳು ಉರುಳಿದವು. ಅಷ್ಟರಲ್ಲಿ ಅವರ ನೆಚ್ಚಿನ ಶಿಷ್ಯನೊಬ್ಬನು ಹೇಳದೆ ಕೇಳದೆ ಮನೆ ಬಿಟ್ಟು ಹೊರಟುಹೋದನು. ದೊಡ್ಡ ಸಭೆಯೊಂದರಲ್ಲಿ ಯೋಗ ಪ್ರದರ್ಶನವೋ ಹತ್ತಿರ ಬಂದಿದ್ದಿತು. ಬೇರೆ ದಾರಿಗಾಣದೆ ಆಚಾರ್ಯರು ಈ ಬಡಕಲು ಹುಡುಗನಿಗೇ ಕೆಲವೇ ದಿನಗಳಲ್ಲಿ ಕಠಿಣ ಆಸನಗಳನ್ನು ಹೇರಿದರು. ಮೈಯೆಲ್ಲ ನೋವು ತುಂಬಿಕೊಂಡೇ ಹುಡುಗನು ಸಭೆಯೆದುರು ಅವನ್ನು ಮಾಡಿ ತೋರಿಸಿದನು. ಮುಂದೊಮ್ಮೆ ಗುರುಗಳ ಆಜ್ಞೆಯಂತೆ ಹನುಮಾನಾಸನ ಹಾಕಲು ಹೋಗಿ ತೊಡೆಯ ಸ್ನಾಯು ಹರಿದು, ಬಹುಕಾಲ ನಡೆಯುವುದೇ ಕಷ್ಟವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಗುರುವಿನ ಈ ಕಾಠಿಣ್ಯವನ್ನು ಇಂದು ಓದುವಾಗ ಮನಸ್ಸು ಮುದುಡುತ್ತದೆ. ಗುರುಭಕ್ತಿಯ ಹೆಸರಿನಲ್ಲಿ ಅದನ್ನು ಮೆಚ್ಚಿ ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ಆದರೆ ಅಯ್ಯಂಗಾರರು ತಮ್ಮ ಗುರುವನ್ನು ಎಂದೂ ಹಳಿಯಲಿಲ್ಲ, ನಡೆದುದನ್ನು ಮುಚ್ಚಿಡಲೂ ಇಲ್ಲ. ಆ ನೋವಿನ ಪಾಠವೇ ಮುಂದೆ ಬೇರೊಂದು ರೂಪದಲ್ಲಿ ಫಲ ಕೊಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಮೆಟ್ರಿಕ್ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಷಯ ಕೈಕೊಟ್ಟು ಓದು ಅಲ್ಲಿಗೇ ನಿಂತಿತು. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಕೈಗೊಂಡರು. ಧಾರವಾಡದಲ್ಲಿ ಕೆಲವು ಮಹಿಳೆಯರು ತಮಗೂ ಯೋಗಾಸನಗಳನ್ನು ಕಲಿಸಬೇಕೆಂದು ಮುಂದೆ ಬಂದರು. ಆ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ. ಪರಪುರುಷರಾದ ದೊಡ್ಡ ಶಿಷ್ಯರು ಹೆಣ್ಣುಮಕ್ಕಳಿಗೆ ಕಲಿಸುವುದು ಹೇಗೆ? ಎಲ್ಲರಿಗಿಂತ ಕಿರಿಯನಾದ ಹದಿನೇಳರ ಈ ಹುಡುಗನನ್ನೇ ಗುರುಗಳು ಆ ಕೆಲಸಕ್ಕೆ ನೇಮಿಸಿದರು. ಹೀಗೆ ಅಯ್ಯಂಗಾರರ ಅಧ್ಯಾಪನ ಆರಂಭವಾದದ್ದೇ ನಮ್ಮ ಧಾರವಾಡದ ತಾಯಂದಿರಿಂದ. ಅಕ್ಕಮಹಾದೇವಿ, ನೀಲಾಂಬಿಕೆಯರನ್ನು ನೆನೆವ ನಮ್ಮ ಮನೆಗಳಲ್ಲಿ ಈ ಹೆಸರಿಲ್ಲದ ಮಹಿಳೆಯರನ್ನೂ ಒಮ್ಮೆ ನೆನೆಯಬೇಕೆಂದು ನನಗೆ ಅನ್ನಿಸುತ್ತದೆ. ಅವರು ಕೇಳದಿದ್ದರೆ ಆ ಹುಡುಗ ಕಲಿಸುವುದನ್ನು ಎಂದು ಆರಂಭಿಸುತ್ತಿದ್ದನೋ ಯಾರು ಬಲ್ಲರು?

ಅದೇ ಪ್ರವಾಸದಲ್ಲಿ ಬೆಳಗಾವಿಯಲ್ಲಿಯೂ ಪ್ರದರ್ಶನವಾಯಿತು. ಅಲ್ಲಿಯ ಸಿವಿಲ್ ಸರ್ಜನ್ ಡಾ. ವಿ. ಬಿ. ಗೋಖಲೆಯವರು ಈ ತರುಣನ ದೇಹ ಬಾಗುವುದನ್ನೂ ನಿಲ್ಲುವುದನ್ನೂ ವೈದ್ಯರ ಕಣ್ಣಿನಿಂದ ನೋಡಿದರು. ಅದು ಅವರ ಮನಸ್ಸಿನಲ್ಲಿ ಉಳಿಯಿತು. ನಿವೃತ್ತರಾಗಿ ಪುಣೆಯಲ್ಲಿ ನೆಲೆಸಿದ ಮೇಲೆ ಅವರು, ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸಲು ಒಬ್ಬ ಶಿಷ್ಯನನ್ನು ಕಳುಹಿಸಬೇಕೆಂದು ಕೃಷ್ಣಮಾಚಾರ್ಯರನ್ನು ಕೇಳಿಕೊಂಡರು. ಅಷ್ಟಿಷ್ಟಾದರೂ ಇಂಗ್ಲಿಷ್ ಬಲ್ಲವನೆಂದು ಆಯ್ಕೆಯಾದವರು, ಇಂಗ್ಲಿಷಿನಲ್ಲಿಯೇ ಅನುತ್ತೀರ್ಣರಾಗಿದ್ದ ಅಯ್ಯಂಗಾರರು! 1937ರಲ್ಲಿ ಆರು ತಿಂಗಳ ಮಟ್ಟಿಗೆಂದು ಹೋದವರು ಅಲ್ಲಿಯೇ ಉಳಿದರು.

ಆ ಆರಂಭದ ವರುಷಗಳು ಸುಖದವಲ್ಲ. ಮರಾಠಿ ಬಾರದು, ಇಂಗ್ಲಿಷ್ ತೊದಲು, ವಿದ್ಯಾರ್ಥಿಗಳು ತನಗಿಂತ ವಯಸ್ಸಿನಲ್ಲಿಯೂ ಓದಿನಲ್ಲಿಯೂ ದೊಡ್ಡವರು. ಕಲಿಸುವವನಿಗೋ ಗುರುವಿನಿಂದ ದೊರೆತ ಶಿಕ್ಷಣ ಬಲು ಅಲ್ಪ. ಆದುದರಿಂದ ದಿನಕ್ಕೆ ಹಲವು ಗಂಟೆ ತಾವೊಬ್ಬರೇ ಅಭ್ಯಾಸ ಮಾಡಿ, ತಪ್ಪಿ, ತಿದ್ದಿಕೊಂಡು, ತಮ್ಮ ದೇಹದಿಂದಲೇ ಪಾಠ ಕಲಿತರು. ಜಿಮಖಾನಾದ ಕರಾರು ಮುಗಿದ ಮೇಲೆ ಸೈಕಲ್ ತುಳಿದು ಮನೆಮನೆಗೆ ಹೋಗಿ ಕಲಿಸಿದರು. ಎರಡು ಮೂರು ದಿನಕ್ಕೊಮ್ಮೆ ಒಂದಿಷ್ಟು ಅನ್ನ, ಉಳಿದ ಹೊತ್ತು ಚಹಾ ಮತ್ತು ನಲ್ಲಿಯ ನೀರು ಎಂಬಂತಹ ದಿನಗಳೂ ಇದ್ದವು. ನಮ್ಮ ಊರುಗಳಿಂದ ಪುಣೆಗೆ ಹೋಗಿ, ಭಾಷೆ ಬಾರದೆ, ಬಾಡಿಗೆಯ ಕೋಣೆಯಲ್ಲಿ ಮೊದಲ ತಿಂಗಳುಗಳನ್ನು ಕಳೆದ ತರುಣರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

1943ರಲ್ಲಿ ರಮಾಮಣಿಯವರೊಡನೆ ವಿವಾಹವಾಯಿತು. ಆ ಸಾಧ್ವಿ ಪತಿಯಿಂದ ಆಸನಗಳನ್ನು ಕಲಿತು, ಪತಿಯ ಅಭ್ಯಾಸವನ್ನು ನೋಡಿ ಲೋಪ ತೋರಿಸುವಷ್ಟು ಬಲ್ಲವರಾದರು. ಐವರು ಹೆಣ್ಣುಮಕ್ಕಳು, ಒಬ್ಬ ಮಗ. ಹಿರಿಯ ಮಗಳು ಗೀತಾ ಬಾಲ್ಯದಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ನರಳಿದವರು. ಯೋಗದ ದಾರಿ ಹಿಡಿದ ಅವರು ಮುಂದೆ 1983ರಲ್ಲಿ ಸ್ತ್ರೀಯರಿಗಾಗಿಯೇ ಒಂದು ಯೋಗಗ್ರಂಥವನ್ನು ರಚಿಸಿದರು. ಋತುಕಾಲ, ಬಸಿರು, ಬಾಣಂತನಗಳಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕೆಂದು ಹೆಣ್ಣೊಬ್ಬಳೇ ಹೆಣ್ಣುಮಕ್ಕಳಿಗೆ ತಿಳಿಸಿದ ಆ ಕೃತಿಯ ಬೆಲೆಯನ್ನು ನಮ್ಮ ಮನೆಯ ಅಕ್ಕ ತಂಗಿಯರು ಚೆನ್ನಾಗಿ ಬಲ್ಲರು. ಗೀತಾ ಅವರು 2018ರ ಡಿಸೆಂಬರಿನಲ್ಲಿ, ತಂದೆಯವರ ಜನ್ಮಶತಾಬ್ದಿಯ ದಿನಗಳಲ್ಲಿಯೇ ನಿಧನರಾದರು.

1952ರಲ್ಲಿ ಮುಂಬಯಿಗೆ ಬಂದಿದ್ದ ಜಗತ್ಪ್ರಸಿದ್ಧ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರು ದಣಿದು ನಿದ್ರೆಗೆಟ್ಟಿದ್ದರು. ಅಯ್ಯಂಗಾರರಿಗೆ ದೊರೆತದ್ದು ಕೆಲವೇ ನಿಮಿಷಗಳ ಭೇಟಿ. ಅವರು ಕಲಿಸಿದ ರೀತಿಯಿಂದ ಮೆನುಹಿನ್ ಅವರಿಗೆ ಬಹುದಿನಗಳ ಮೇಲೆ ಒಳ್ಳೆಯ ನಿದ್ರೆ ಹತ್ತಿತು, ನಿಮಿಷಗಳ ಭೇಟಿ ಗಂಟೆಗಳಿಗೆ ಬೆಳೆಯಿತು. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡು, ತಮ್ಮ ಅತ್ಯುತ್ತಮ ಗುರುವೆಂಬ ಅರ್ಥದ ಬರಹ ಕೆತ್ತಿಸಿದ ಕೈಗಡಿಯಾರವನ್ನು ಕಾಣಿಕೆಯಿತ್ತರು. ಬೆಲ್ಜಿಯಮ್ಮಿನ ರಾಣಿ ಎಲಿಜಬೆತ್ ಎಂಬತ್ತರ ವಯಸ್ಸು ದಾಟಿದ ಮೇಲೆ ಇವರಿಂದ ಶೀರ್ಷಾಸನ ಕಲಿತರು. ಜಯಪ್ರಕಾಶ ನಾರಾಯಣರು, ಜಿಡ್ಡು ಕೃಷ್ಣಮೂರ್ತಿಯವರು ಇವರಲ್ಲಿ ಅಭ್ಯಾಸ ಮಾಡಿದರು. ಸಸ್ಯಾಹಾರಿಗೆ ಊಟವೇ ದುರ್ಲಭವಾಗಿದ್ದ ಆ ಕಾಲದ ಯುರೋಪಿನಲ್ಲಿಯೂ ಅವರು ತಮ್ಮ ನೇಮ ಬಿಡಲಿಲ್ಲ. 1966ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಅವರ 'ಯೋಗದೀಪಿಕಾ' ಸುಮಾರು ಇನ್ನೂರು ಆಸನಗಳನ್ನು ಆರುನೂರರ ಸಮೀಪದ ಛಾಯಾಚಿತ್ರಗಳೊಡನೆ ವಿವರಿಸುತ್ತದೆ. ಅದು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಅನುವಾದಗೊಂಡಿದೆ.

ಇಷ್ಟು ದೊಡ್ಡ ಹೆಸರಿನ ಹಿಂದೆ ಅವರು ಮಾಡಿದ ಮುಖ್ಯ ಕಾರ್ಯ ಯಾವುದು? ನನ್ನ ಮಟ್ಟಿಗೆ ಅದು ರಾಣಿಯರ ಶಿಷ್ಯತ್ವವಲ್ಲ; ಒಂದು ಮರದ ಇಟ್ಟಿಗೆ, ಒಂದು ಕುರ್ಚಿ, ಒಂದು ಹಗ್ಗ, ಒಂದು ಲೋಡು. ಬಾಗದ ಮೈಯನ್ನು ಬಲವಂತದಿಂದ ಬಗ್ಗಿಸಿದರೆ ಏನಾಗುತ್ತದೆಂಬುದನ್ನು ಹರಿದ ತೊಡೆಯಿಂದ ಕಲಿತವರು ಅವರು. ಆದುದರಿಂದ ಕೈ ನೆಲಕ್ಕೆ ಎಟುಕದವನಿಗೆ ನೆಲವನ್ನೇ ಮೇಲೆತ್ತಿ ಕೊಟ್ಟರು: ಅಂಗೈಯ ಕೆಳಗೆ ಒಂದು ಮರದ ತುಂಡು. ಪಾದ ಹಿಡಿಯಲಾರದವನಿಗೆ ಒಂದು ಪಟ್ಟಿ. ನಿಲ್ಲಲಾರದ ಮುದುಕರಿಗೆ ಗೋಡೆಯ ಆಸರೆ, ಹಿಂದಕ್ಕೆ ಬಾಗಲಾರದ ರೋಗಿಗೆ ಕುರ್ಚಿ. ತರುಣರ ಸೊತ್ತಾಗಿದ್ದ ಆಸನ ಹೀಗೆ ಮಂಡಿನೋವಿನ ಅಜ್ಜಿಗೂ ದಕ್ಕಿತು.

ನಮ್ಮೂರಿನ ಹಿರಿಯರೊಬ್ಬರು ಒಮ್ಮೆ ನನ್ನನ್ನು ಕೇಳಿದ್ದುಂಟು: "ದಿನವಿಡೀ ಕಬ್ಬು ಕಡಿಯುವವನಿಗೆ, ಹುಲ್ಲಿನ ಹೊರೆ ಹೊರುವವಳಿಗೆ ನಿಮ್ಮ ಯೋಗ ಯಾತಕ್ಕರೀ? ಅದು ಕುಂತು ಉಣ್ಣವರ ಆಟ." ಪ್ರಶ್ನೆ ನ್ಯಾಯವಾದುದೇ. ಆದರೆ ಕಾಯಕದಲ್ಲಿ ನಾವು ದೇಹವನ್ನು ದುಡಿಸಿಕೊಳ್ಳುತ್ತೇವೆ, ಅದನ್ನು ವಿಚಾರಿಸಿಕೊಳ್ಳುವುದಿಲ್ಲ. ಎತ್ತಿಗೆ ಕಾರಹುಣ್ಣಿಮೆಯ ದಿನ ಎಣ್ಣೆ ಹಚ್ಚಿ ಮೈ ತಿಕ್ಕುವ ನಾವು ನಮ್ಮ ಸೊಂಟಕ್ಕೆ ಅಷ್ಟು ಮರ್ಯಾದೆಯನ್ನೂ ಕೊಟ್ಟಿಲ್ಲ. ಮುಂಜಾನೆ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡಲು ಕುಳಿತಾಗ ಅರೆಗಳಿಗೆಯಲ್ಲಿ ಬೆನ್ನು ಬಾಗಿ, ಕಾಲು ಜೋಮು ಹಿಡಿದು, ಮನಸ್ಸು ಲಿಂಗವನ್ನು ಬಿಟ್ಟು ಮಂಡಿಯ ಕಡೆಗೆ ಹೋಗುವ ಅನುಭವ ನನ್ನಂತೆ ಅನೇಕರಿಗೆ ಇದ್ದೀತು. ಮಡಿಸಿದ ಕಂಬಳಿಯೊಂದನ್ನು ಆಸನದ ಕೆಳಗೆ ಇಟ್ಟುಕೊಂಡು ಸೊಂಟವನ್ನು ತುಸು ಎತ್ತರಿಸಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆಂಬುದು ಅಯ್ಯಂಗಾರರ ಪದ್ಧತಿಯಿಂದ ನಾನು ಪಡೆದ ಸಣ್ಣ ಲಾಭ. ಹೇಳಿಕೊಳ್ಳಲು ಅಷ್ಟು ದೊಡ್ಡದಲ್ಲ, ಆದರೆ ನಿತ್ಯವೂ ಒದಗುವಂತಹದು.

ಅವರ ಸ್ವಭಾವದಲ್ಲಿ ಸಿಡುಕು ಇದ್ದಿತು. ತರಗತಿಯಲ್ಲಿ ಗರ್ಜಿಸುವರು, ಸಡಿಲಾದ ಅಂಗಕ್ಕೆ ಅಂಗೈಯಿಂದ ಏಟು ಕೊಡುವರು. ಅವರ ಹೆಸರಿನ ಮೂರು ಅಕ್ಷರಗಳಿಗೆ ವಿದೇಶೀ ಶಿಷ್ಯರು ಹೊಡೆತ ಬಡಿತಗಳ ಅರ್ಥವನ್ನೇ ಹಚ್ಚಿ ನಗುತ್ತಿದ್ದರು. ಎಲ್ಲರೂ ನಗಲಿಲ್ಲವೆಂಬುದೂ ನಿಜ, ಅದನ್ನು ಆಕ್ಷೇಪಿಸಿದವರಿದ್ದರು. ಗುರುವಿನಿಂದ ಬಂದ ಒರಟುತನ ಪೂರ್ತಿಯಾಗಿ ಅವರನ್ನು ಬಿಡಲಿಲ್ಲವೆಂದೇ ಹೇಳಬೇಕು. ಆದರೆ ಅವರು ಪರರಿಗಿಂತ ಹೆಚ್ಚಾಗಿ ತಮ್ಮನ್ನು ದಂಡಿಸಿಕೊಂಡವರು. 1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಎರಡು ಬಾರಿ ಸ್ಕೂಟರ್ ಅಪಘಾತಕ್ಕೆ ಸಿಕ್ಕು ಬೆನ್ನು, ಭುಜ, ಮಂಡಿಗಳೆಲ್ಲ ಜಖಂಗೊಂಡವು. ಜಗದ್ಗುರುವೆನಿಸಿಕೊಂಡಿದ್ದ ವ್ಯಕ್ತಿ ಮತ್ತೆ ಹೊಸಬನಂತೆ ಮೊದಲ ಪಾಠದಿಂದ ಆರಂಭಿಸಿದರು. ಹಳೆಯ ಹಿಡಿತ ಮರಳಲು ಅನೇಕ ವರ್ಷಗಳೇ ಬೇಕಾದವು.

ಪತ್ನಿಯ ಅಗಲಿಕೆಯನ್ನೂ ಅವರು ಹೀಗೆಯೇ ಸಹಿಸಿದರು. ಪುಣೆಯಲ್ಲಿ ಯೋಗಸಂಸ್ಥೆಯ ಕಟ್ಟಡಕ್ಕಾಗಿ 1973ರ ಜನವರಿ 25ರಂದು ಭೂಮಿಪೂಜೆಯಾಯಿತು. ಮೂರೇ ದಿನಗಳಲ್ಲಿ ರಮಾಮಣಿಯವರು ತೀರಿಕೊಂಡರು. ಸಂಸ್ಥೆಗೆ ಆ ತಾಯಿಯ ಹೆಸರನ್ನೇ ಇಟ್ಟು, 1975ರ ಜನವರಿಯಲ್ಲಿ ಅದನ್ನು ತೆರೆದರು. ಅಷ್ಟಾಂಗಗಳ ನೆನಪಿಗೆ ಎಂಟು ಕಂಬಗಳನ್ನು ನಿಲ್ಲಿಸಿದ ಆ ಭವನಕ್ಕೆ ಬಂದ ಪರದೇಶದ ಶಿಷ್ಯರೆಲ್ಲರೂ ಮೊದಲು ಕಲಿತ ಹೆಸರು ಒಬ್ಬ ಕನ್ನಡ ಗೃಹಿಣಿಯದು.

ಸರಕಾರದ ಗೌರವಗಳು ತಡವಾಗಿಯಾದರೂ ಬಂದವು: 1991ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ, 2014ರಲ್ಲಿ ಪದ್ಮವಿಭೂಷಣ. 2011ರಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ಅವರು ಚೀನಾ ದೇಶಕ್ಕೆ ಹೋಗಿ ಕಲಿಸಿದರು. ಅದು ತೈ ಚಿಯ ತವರು. ಮುಂಜಾನೆ ಉದ್ಯಾನಗಳಲ್ಲಿ ವೃದ್ಧರು ನಿಧಾನವಾಗಿ ಕೈಕಾಲು ಚಲಿಸುತ್ತ ಉಸಿರನ್ನು ಹದಗೊಳಿಸಿಕೊಳ್ಳುವ ಆ ವಿದ್ಯೆಗೆ ಅಲ್ಲಿ ನೂರಾರು ವರ್ಷಗಳ ಪರಂಪರೆಯಿದೆ. ಮುಪ್ಪಿನಲ್ಲಿಯೂ ದೇಹವನ್ನು ಸಾಧಿಸಬಹುದೆಂಬುದನ್ನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲದ ಆ ಜನ, ಬೆಳ್ಳೂರಿನ ಈ ವೃದ್ಧನ ಸ್ಮರಣೆಗೆ ಅಂಚೆಚೀಟಿಯನ್ನು ಹೊರತಂದರು.

ಹುಟ್ಟೂರನ್ನು ಅವರು ಮರೆತಿರಲಿಲ್ಲ. ಬದುಕುವುದೇ ಅನುಮಾನವೆನ್ನಿಸಿಕೊಂಡ ಕೂಸು ಹುಟ್ಟಿದ ಹಳ್ಳಿಯಲ್ಲಿ ತಂದೆ ತಾಯಿಯರ ಹೆಸರಿನ ಸ್ಮಾರಕ ನಿಧಿಯ ಮೂಲಕ ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸಿದರು. ಪತಂಜಲಿ ಮಹರ್ಷಿಗೊಂದು ಗುಡಿಯನ್ನೂ ನಿರ್ಮಿಸಿದರು. ತೊಂಬತ್ತು ದಾಟಿದ ಮೇಲೆಯೂ ಪುಣೆಯ ಭವನದಲ್ಲಿ ಮುಂಜಾನೆ ಅವರು ಅಭ್ಯಾಸಕ್ಕೆ ನಿಂತರೆ, ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದ ಮೊಮ್ಮಗಳು ಅಭಿಜಾತಾಗೆ ನಡುನಡುವೆ ತಪ್ಪು ತೋರಿಸುತ್ತ, ತಾವು ಮಾತ್ರ ಕುರ್ಚಿಯ ಮೇಲೆಯೋ ಹಗ್ಗದ ಆಸರೆಯಲ್ಲಿಯೋ ಬಹಳ ಹೊತ್ತು ಹಿಂದಕ್ಕೆ ಬಾಗಿ ಸುಮ್ಮನೆ ಇರುತ್ತಿದ್ದರು.