ಆರು ತಂತಿಗಳ ಮೋಹನ

ನ್ಯೂಯಾರ್ಕಿನ ಸೋನಿಕ್ ಯೂತ್ ತಂಡವು ಯಾವ ಹಾಡಿಗೆ ಗಿಟಾರನ್ನು ಯಾವ ಸ್ವರಗಳಿಗೆ ಕೂಡಿಸುತ್ತಿತ್ತು ಎಂಬ ಪಟ್ಟಿಯಲ್ಲಿ, 1988ರ ‘ಡೇಡ್ರೀಮ್ ನೇಷನ್’ ಆಲ್ಬಮ್ಮಿನ ಮೊದಲ ಹಾಡಾದ ‘ಟೀನ್ ಏಜ್ ರಯಟ್’ ಎದುರಿಗಿರುವ ಎರಡು ಸಾಲುಗಳು ಕರ್ನಾಟಕ ಸಂಗೀತ ಬಲ್ಲ ಓದುಗರನ್ನು ತಡೆದು ನಿಲ್ಲಿಸುವಂಥವು. ಥರ್ಸ್ಟನ್ ಮೂರ್ ಅವರ ಗಿಟಾರಿನ ಆರು ತಂತಿಗಳು ಜಿ, ಎ, ಬಿ, ಡಿ, ಇ, ಜಿ; ಲೀ ರನಾಲ್ಡೊ ಅವರವು ಜಿ, ಜಿ, ಡಿ, ಡಿ, ಜಿ, ಜಿ. ಜಿ ಸ್ವರವನ್ನು ಷಡ್ಜವೆಂದು ಹಿಡಿದು ಓದಿದರೆ ಮೊದಲನೆಯದು ಸ-ರಿ-ಗ-ಪ-ದ-ಸ, ಅಂದರೆ ಮೋಹನ ರಾಗದ ಆರೋಹಣ, ಹಿಂದೂಸ್ತಾನಿಯವರ ಭೂಪ್. ಎರಡನೆಯದು ಷಡ್ಜ-ಪಂಚಮಗಳನ್ನಲ್ಲದೆ ಬೇರೇನನ್ನೂ ನುಡಿಯದ ತಂಬೂರಿ.

ಇಷ್ಟರಿಂದಲೇ ಆ ಹಾಡನ್ನು ಮೋಹನ ಎಂದು ಕರೆಯುವುದು ಸಲ್ಲದು. ಐದು ಸ್ವರಗಳ ಈ ಗುಂಪು ಚೀನಾದ, ಸ್ಕಾಟ್ಲೆಂಡಿನ ಜನಪದ ಧಾಟಿಗಳಲ್ಲಿಯೂ ಇದೆ, ಮತ್ತು ರಾಗವೆಂಬುದು ಸ್ವರಗಳ ಪಟ್ಟಿಯಲ್ಲಿ ಇರದೆ ಗಮಕದಲ್ಲಿ, ಸಂಚಾರದಲ್ಲಿ ಇರುತ್ತದೆ. ಆದರೂ ಮೂರು ದಶಕಗಳ ಕಾಲ ಗದ್ದಲದ ಸಂಗೀತವೆಂಬ ಹಣೆಪಟ್ಟಿ ಹೊತ್ತ ತಂಡವೊಂದು ತನ್ನ ಅತ್ಯಂತ ಪ್ರಸಿದ್ಧ ಹಾಡಿನಲ್ಲಿ ಒಬ್ಬ ವಾದಕನಿಗೆ ಇನ್ನೊಬ್ಬನನ್ನು ಶ್ರುತಿಯಾಗಿ ಕೂರಿಸಿತ್ತು ಎಂಬುದು ಆ ಹಣೆಪಟ್ಟಿಯನ್ನೇ ಸಂಶಯದಿಂದ ನೋಡಲು ಸಾಕಾದ ಕಾರಣ.

ಗಿಟಾರಿನ ರೂಢಿಯ ಕೂಡಿಕೆ ಇ, ಎ, ಡಿ, ಜಿ, ಬಿ, ಇ. 1981ರಲ್ಲಿ ಮೂರ್, ಕಿಮ್ ಗಾರ್ಡನ್ ಮತ್ತು ರನಾಲ್ಡೊ ಒಂದುಗೂಡಿದಾಗ ಅವರ ಬಳಿ ಇದ್ದ ಅಗ್ಗದ ಗಿಟಾರ್‌ಗಳು ಆ ಕೂಡಿಕೆಯಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲವಾದ್ದರಿಂದ, ಯಾವ ವಾದ್ಯ ಯಾವ ಸ್ವರಗಳಲ್ಲಿ ಜೀವ ಪಡೆಯುತ್ತದೆ ಎಂದು ಹುಡುಕಿ ಅದಕ್ಕೆ ತಕ್ಕ ಹಾಡು ಕಟ್ಟುವುದು ಅವರ ಪದ್ಧತಿಯಾಯಿತು. ಹೀಗಾಗಿ ಕಛೇರಿಯಲ್ಲಿ ಹಾಡು ಬದಲಾದಂತೆ ಗಿಟಾರೂ ಬದಲಾಗುತ್ತಿತ್ತು. ತಂತಿಗಳ ಅಡಿಗೆ ಡ್ರಮ್ ಬಾರಿಸುವ ಕೋಲನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ, ಅದರ ಎರಡೂ ಬದಿಯ ತಂತಿ ನುಡಿಯುವಂತೆ ಮಾಡುವುದು ಇನ್ನೊಂದು ಉಪಾಯ. ತಂಬೂರಿಯ ಕುದುರೆಯ ಮೇಲೆ ತಂತಿಗೆ ಜೀವಾಳದ ಎಳೆ ಕೊಡುವುದಕ್ಕೂ ಇದಕ್ಕೂ ಕ್ರಿಯೆಯಲ್ಲಿ ವ್ಯತ್ಯಾಸವಿದೆ, ಆದರೆ ಒಂದು ಸ್ವರದೊಳಗೆ ಅಡಗಿರುವ ಉಪಸ್ವರಗಳನ್ನು ಹೊರಗೆ ಕರೆಯಬೇಕೆಂಬ ಆಸೆ ಎರಡರಲ್ಲಿಯೂ ಒಂದೇ.

ಈ ಆಸೆಗೆ ನ್ಯೂಯಾರ್ಕಿನಲ್ಲಿ ಒಂದು ವಂಶಾವಳಿಯೇ ಉಂಟು. 1950ರ ದಶಕದಲ್ಲಿ ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯಲ್ಲಿ ತಂಬೂರಿಯ ನಾದ ಕೇಳಿ ಮರುಳಾದ ರಚನಕಾರ ಲಾ ಮಾಂಟೆ ಯಂಗ್, ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಸಂಗೀತವನ್ನು ರೂಪಿಸಿ, 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾಣಾ ಘರಾಣೆ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಇಳಿದು ಬಂದ, ಸ್ವರವನ್ನು ನಿಧಾನವಾಗಿ ನಿಲ್ಲಿಸಿ ಬೆಳೆಸುವ ಅದೇ ಘರಾಣೆ. ಯಂಗ್ ಅವರ ಪಿಯಾನೊ ಶ್ರುತಿ ಮಾಡುತ್ತಿದ್ದ ರೀಸ್ ಚಾಟಮ್ 1977ರಲ್ಲಿ ‘ಗಿಟಾರ್ ಟ್ರಿಯೊ’ ರಚಿಸಿದರು, ಅದನ್ನು ನುಡಿಸಿದವರಲ್ಲಿ ಗ್ಲೆನ್ ಬ್ರಾಂಕಾ ಒಬ್ಬರು, ಬ್ರಾಂಕಾ ಅವರ ಗಿಟಾರ್ ಮೇಳದಲ್ಲಿ ನುಡಿಸಿ ಕಲಿತವರು ಮೂರ್ ಮತ್ತು ರನಾಲ್ಡೊ. ಇದನ್ನು ಗುರುಪರಂಪರೆ ಎನ್ನುವುದು ಹೆಚ್ಚಾಗುತ್ತದೆ. ಆದರೆ ಕುಂದಗೋಳದ ಗಾಯನಕ್ಕೂ ಮ್ಯಾನ್‌ಹಟನ್ನಿನ ಈ ಗಿಟಾರ್‌ಗಳಿಗೂ ನಡುವೆ ಹೆಸರು ಹೇಳಿ ತೋರಿಸಬಹುದಾದ ದಾರಿಯೊಂದು ಇದೆಯೆಂಬ ಸಂಗತಿ ಇನ್ನೂ ಹೆಚ್ಚು ಕಿವಿಗಳನ್ನು ತಲುಪಬೇಕಾಗಿದೆ.

ತಂಡದ ಉಳಿದ ಇತಿಹಾಸ ಸುಪರಿಚಿತ. ಬ್ರಾಂಕಾ ಅವರ ನ್ಯೂಟ್ರಲ್ ಲೇಬಲ್ಲಿನಿಂದ 1982ರಲ್ಲಿ ಮೊದಲ ಮುದ್ರಿಕೆ ಬಂದಿತು, 1985ರಲ್ಲಿ ಡ್ರಮ್ಮರ್ ಸ್ಟೀವ್ ಶೆಲ್ಲಿ ಸೇರಿದರು. ದೊಡ್ಡ ಕಂಪನಿಗಳ ಹೊರಗೆ, ಸಣ್ಣ ಲೇಬಲ್‌ಗಳ ಮತ್ತು ಕಾಲೇಜು ರೇಡಿಯೊಗಳ ಆಸರೆಯಲ್ಲಿ ಬೆಳೆದ ‘ಆಲ್ಟರ್ನೇಟಿವ್ ರಾಕ್’ ಮಾರುಕಟ್ಟೆಯ ನಡುಮನೆಗೆ ಬಂದದ್ದು ನಿರ್ವಾಣ ತಂಡದ ಮೂಲಕವಾದರೂ, 1990ರಲ್ಲಿ ‘ಗೂ’ ಆಲ್ಬಮ್ಮಿನೊಡನೆ ಗೆಫೆನ್ ಸಂಸ್ಥೆಯ ಬಾಗಿಲು ದಾಟಿ, ನಿರ್ವಾಣವನ್ನೂ ಅಲ್ಲಿಗೆ ಬರಮಾಡಿಕೊಳ್ಳುವಂತೆ ಒತ್ತಾಯಿಸಿದವರು ಇವರೇ. ‘ಡೇಡ್ರೀಮ್ ನೇಷನ್’ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯ 2005ರ ಸಾಲಿನ ಪಟ್ಟಿಗೆ ಸೇರಿತು.

ಆದರೆ ಈ ತಂಡದ ಬಾಳಿನ ನಿಜವಾದ ತಿರುವು ಒಪ್ಪಂದಗಳಲ್ಲಿಲ್ಲ. ಅದು 1999ರ ಜುಲೈನಲ್ಲಿ, ಕ್ಯಾಲಿಫೋರ್ನಿಯಾದ ಆರೆಂಜ್ ನಗರದಲ್ಲಿ ವಾದ್ಯಗಳನ್ನು ತುಂಬಿದ್ದ ಬಾಡಿಗೆ ಟ್ರಕ್ಕು ಕಳುವಾದ ಘಟನೆಯಲ್ಲಿದೆ. ಬೇರೆ ತಂಡವಾಗಿದ್ದರೆ ಅಂಗಡಿಯಿಂದ ಹೊಸ ಗಿಟಾರ್ ತಂದು ಮರುದಿನವೇ ನುಡಿಸಬಹುದಿತ್ತು. ಇಲ್ಲಿ ಒಂದೊಂದು ಗಿಟಾರಿನೊಡನೆ ಅದರ ಕೂಡಿಕೆ, ಅದರ ಕೂಡಿಕೆಯೊಡನೆ ಹಾಡುಗಳು ಕೈಬಿಟ್ಟುಹೋದವು. ತಮ್ಮ ಬಳಿ ಉಳಿದಿದ್ದ ಹಳೆಯ ವಾದ್ಯಗಳನ್ನು ಹೊಸದಾಗಿ ಕೂಡಿಸಿ ಸಿದ್ಧಪಡಿಸಿದ 2000ದ ‘ಎನ್‌ವೈಸಿ ಗೋಸ್ಟ್ಸ್ ಅಂಡ್ ಫ್ಲವರ್ಸ್’ ಆಲ್ಬಮ್ಮನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು, ಅನ್ಯಾಯವಾಗಿ ಎಂದೇ ಹೇಳಬೇಕು, ಏಕೆಂದರೆ ಪರಿಚಯವಿಲ್ಲದ ತಂತಿಗಳಲ್ಲಿ ಮತ್ತೆ ಷಡ್ಜ ಹುಡುಕುತ್ತಿರುವವರ ತಡವರಿಕೆ ಅದರಲ್ಲಿ ಪ್ರಾಮಾಣಿಕವಾಗಿ ಕೇಳಿಬರುತ್ತದೆ. ಎರಡು ವರ್ಷಗಳ ನಂತರದ ‘ಮರೆ ಸ್ಟ್ರೀಟ್’ನಲ್ಲಿ ಆ ಹುಡುಕಾಟಕ್ಕೆ ಫಲ ದೊರೆಯಿತು.

ಮೂರ್ ಮತ್ತು ಗಾರ್ಡನ್ ದಂಪತಿ ಬೇರೆಯಾದ ಸುದ್ದಿ ಹೊರಬಿದ್ದ 2011ರಲ್ಲಿಯೇ, ನವೆಂಬರಿನಲ್ಲಿ, ತಂಡ ಬ್ರೆಜಿಲ್‌ನಲ್ಲಿ ಕೊನೆಯ ಕಛೇರಿ ನೀಡಿತು. ಕಳುವಾಗಿದ್ದ ಗಿಟಾರ್‌ಗಳಲ್ಲಿ ಕೆಲವು, ಹಲವು ವರ್ಷಗಳ ಅಂತರದಲ್ಲಿ, ಒಂದೊಂದಾಗಿ ಹಿಂದಿರುಗಿದವು.