ಕಾಡಿನ ದಾರಿ ಉಚಿತ, ಚಹಾದ ಬಿಲ್ ಯಾರದ್ದು?

ಇವತ್ತು ಒಂದು ಕೆಫೆ ಮುಚ್ಚಿದ ಸುದ್ದಿ. "ಇದೂ ಒಂದು ಸುದ್ದೀನಾ?" ಅಂತ ರಿಮೋಟ್ ಕೈಗೆ ತಗೊಂಡ್ರಾ? ಎರಡು ನಿಮಿಷ ಇರಿ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಇಂಜಿನಿಯರಿಂಗ್ ಕಾಲೇಜಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಓದಿದ್ದು ಸಿವಿಲ್, ಮಾಡುತ್ತಿರುವುದು ಸಾಫ್ಟ್‌ವೇರ್. ಇದರಲ್ಲಿ ವಿಶೇಷ ಏನಿಲ್ಲ ಬಿಡಿ, ನಾನೂ ಸಿವಿಲ್ ಓದಿ ನಿಮ್ಮ ಮುಂದೆ ಕೂತು ಸುದ್ದಿ ಓದುತ್ತಿದ್ದೇನೆ. 2025ರ ಮಾರ್ಚ್ ತಿಂಗಳಲ್ಲಿ ಒಂದು ರಾತ್ರಿ ಅವನು ಫೋನ್ ಮಾಡಿ, "ಮಗಾ, ನಮ್ಮ ಕಾಡಿನ ಕೆಫೆ ಮುಚ್ತಾರಂತೆ ಕಣೋ" ಅಂದ. ದನಿ ನೋಡಿದ್ರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಅನ್ನೋ ಹಾಗಿತ್ತು. ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಒಂದು ಗಂಟೆ ಮಾತಾಡಿದೆವು. ಆ ಒಂದು ಗಂಟೆಯ ಸಾರ ಮತ್ತು ಅದಾದ ಮೇಲೆ ನಾನು ಕೂತು ಓದಿಕೊಂಡಿದ್ದು, ಎರಡನ್ನೂ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಜಾಗದ ಹೆಸರು ಕೊಯ್ಡ್ ಅ ಬ್ರೆನಿನ್. ಇದನ್ನು ಸರಿಯಾಗಿ ಹೇಳೋಕೆ ಮೂರು ಸಲ ರಿಹರ್ಸಲ್ ಮಾಡಿದ್ದೇನೆ. ವೇಲ್ಸ್‌ನ ಭಾಷೆಯಲ್ಲಿ 'ರಾಜನ ಕಾಡು' ಅಂತ ಅರ್ಥ. ವೇಲ್ಸ್ ಅಂದ್ರೆ ಬ್ರಿಟನ್ನಿನ ಪಶ್ಚಿಮದ ಗುಡ್ಡಗಾಡು ನಾಡು. ಅದರ ವಾಯವ್ಯ ಭಾಗದಲ್ಲಿ, ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದೊಳಗೆ, ಡೋಲ್‌ಗೆಲ್ಲೈ ಅನ್ನೋ ಸಣ್ಣ ಊರಿನ ಹತ್ತಿರ ಈ ಕಾಡಿದೆ.

ಕಾಡು ಅಂದ ತಕ್ಷಣ ನಮ್ಮ ಭದ್ರಾ, ಬಂಡೀಪುರ ಕಣ್ಣಮುಂದೆ ಬರೋದು ಬೇಡ. ಇದು ನೆಟ್ಟು ಬೆಳೆಸಿದ ಕಾಡು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರದ ಬರ ಬಂತು. ಹಾಗಾಗಿ 1919ರಲ್ಲಿ ಅರಣ್ಯ ಆಯೋಗ ಅಂತ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಅದು 1922ರಲ್ಲಿ ಇಲ್ಲಿನ ವಾನ್ ಅನ್ನೋ ಜಮೀನ್ದಾರಿ ಮನೆತನದ ಭೂಮಿ ಕೊಂಡು ಮರ ನೆಡೋಕೆ ಶುರು ಮಾಡಿತು. 1935ರಲ್ಲಿ ಐದನೇ ಜಾರ್ಜ್ ದೊರೆ ಪಟ್ಟಕ್ಕೆ ಬಂದು 25 ವರ್ಷ ತುಂಬಿದ ನೆನಪಿಗೆ 'ರಾಜನ ಕಾಡು' ಅಂತ ಹೆಸರಿಟ್ಟರು. ಬೆಳೆಸು, ಕಡಿ, ಮಾರು, ಮತ್ತೆ ನೆಡು. ಎಪ್ಪತ್ತು ವರ್ಷ ಅಲ್ಲಿ ನಡೆದಿದ್ದು ಇಷ್ಟೇ.

ಕಥೆ ತಿರುಗಿದ್ದು 1990ರ ದಶಕದಲ್ಲಿ. ಆ ಹೊತ್ತಿಗೆ ಮೌಂಟನ್ ಬೈಕ್ ಬಂದಿತ್ತು. ನಮ್ಮಲ್ಲಿ ಬೈಕ್ ಅಂದ್ರೆ ಮೋಟಾರ್ ಬೈಕು, ಅದಕ್ಕೆ ಸ್ಪಷ್ಟ ಮಾಡ್ತೀನಿ, ಇದು ಸೈಕಲ್ಲು. ದಪ್ಪ ಟಯರು, ಜಾಸ್ತಿ ಗೇರು, ಮುಂದೆ ಶಾಕ್ ಅಬ್ಸಾರ್ಬರ್. ಜನ ಇದನ್ನು ತಗೊಂಡು ಸಿಕ್ಕಸಿಕ್ಕ ಕಾಲುದಾರಿಗಳಿಗೆ ನುಗ್ಗುತ್ತಿದ್ದರು, ನಡೆಯೋರ ಜೊತೆ ಜಗಳ ಆಗ್ತಿತ್ತು. ಆಗ ಆ ಕಾಡಿನಲ್ಲಿ ಕೆಲಸ ಮಾಡುತ್ತಿದ್ದ ಡಾವಿದ್ ಡೇವಿಸ್ ಅನ್ನೋ ಅರಣ್ಯ ಸಿಬ್ಬಂದಿಗೆ ಒಂದು ಯೋಚನೆ ಬಂತು: ಸೈಕಲ್ಲಿಗೆ ಅಂತಲೇ ಬೇರೆ ದಾರಿ ಕಟ್ಟಿದರೆ ಹೇಗೆ? ಬಜೆಟ್ ಹೆಚ್ಚಿರಲಿಲ್ಲ. ಗುದ್ದಲಿ, ಹಾರೆ, ಕೈಕಲಸಕ್ಕೆ ಬಂದ ಸ್ವಯಂಸೇವಕರು. ಮೊದಲ ದಾರಿಗಳು ಪ್ರಾಯೋಜಕ ಕಂಪನಿಗಳ ಹೆಸರು ಹೊತ್ತಿದ್ದವು. ಬ್ರಿಟನ್ನಿನಲ್ಲಿ ಸೈಕಲ್ಲಿಗೆಂದೇ ಕಟ್ಟಿದ ದಾರಿಗಳ ಮೊದಲ ಕೇಂದ್ರ ಅನ್ನೋ ಹೆಗ್ಗಳಿಕೆ ಇವತ್ತಿಗೂ ಈ ಕಾಡಿಗಿದೆ. ಆ ಮನುಷ್ಯನಿಗೆ ಮುಂದೆ ಎಂಬಿಇ ಗೌರವ ಬಂತು. ಇದನ್ನು ನೋಡಿಕೊಂಡು ಸ್ಕಾಟ್ಲೆಂಡಿನ ದಕ್ಷಿಣದಲ್ಲಿ 'ಸೆವೆನ್ ಸ್ಟೇನ್ಸ್' ಅಂತ ಏಳು ಕೇಂದ್ರಗಳು ಎದ್ದವು.

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. ಕಾಡಲ್ಲಿ ಒಂದು ಕಾಲುದಾರಿ ಮಾಡೋದರಲ್ಲಿ ಕಟ್ಟೋದೇನಿದೆ? ನಾಲ್ಕು ಜನ ಓಡಾಡಿದರೆ ದಾರಿ ತಾನೇ ಬೀಳುತ್ತೆ ಅಲ್ವಾ?

ಬೀಳುತ್ತೆ. ಎರಡು ಮಳೆಗಾಲದಲ್ಲಿ ಹಳ್ಳ ಆಗುತ್ತೆ.

ಇಲ್ಲಿ ನನ್ನೊಳಗಿನ ಸಿವಿಲ್ ಇಂಜಿನಿಯರ್ ಸ್ವಲ್ಪ ಮಾತಾಡ್ತಾನೆ, ಸಹಿಸಿಕೊಳ್ಳಿ. ದಾರಿಗೆ ನಿಜವಾದ ಶತ್ರು ಸೈಕಲ್ ಅಲ್ಲ, ನೀರು. ಟಯರು ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತೆ. ಮಳೆ ನೀರು ಆ ಗೆರೆ ಹಿಡಿದು ಇಳಿಯುತ್ತೆ. ಇಳಿಯುವಾಗ ಮಣ್ಣು ಕೊಚ್ಚುತ್ತೆ, ಗೆರೆ ಚರಂಡಿಯಾಗುತ್ತೆ. ಸವಾರ ಚರಂಡಿ ತಪ್ಪಿಸೋಕೆ ಪಕ್ಕಕ್ಕೆ ಹೋಗ್ತಾನೆ, ಅಲ್ಲಿ ಇನ್ನೊಂದು ಗೆರೆ. ಒಂದಡಿ ಅಗಲ ಇದ್ದ ದಾರಿ ನೋಡನೋಡುತ್ತಾ ಹತ್ತಡಿ ಕೆಸರು. ಮಲೆನಾಡಿನಲ್ಲಿ ಅಡಿಕೆ ತೋಟ ಮಾಡಿದವರಿಗೆ ಇದನ್ನು ನಾನು ಹೇಳಬೇಕಿಲ್ಲ. ಬಸಿಗಾಲುವೆ ಸರಿ ಇಲ್ಲದಿದ್ದರೆ ತೋಟ ಏನಾಗುತ್ತೆ ಅಂತ ಅವರಿಗೆ ಗೊತ್ತು. ವೇಲ್ಸ್‌ನ ಈ ಭಾಗವೂ ಮಳೆಯ ಸೀಮೆಯೇ.

ಹಾಗಾಗಿ ದಾರಿ ಕಟ್ಟೋರು ಮೊದಲು ಕೇಳೋದು "ಸವಾರ ಎಲ್ಲಿ ಹೋಗ್ತಾನೆ" ಅಂತಲ್ಲ, "ನೀರು ಎಲ್ಲಿ ಹೋಗುತ್ತೆ" ಅಂತ. ಗುಡ್ಡದ ತಲೆಯಿಂದ ನೇರ ಕೆಳಕ್ಕೆ ದಾರಿ ಬಿಡೋ ಹಾಗಿಲ್ಲ, ಗುಡ್ಡದ ಹೊಟ್ಟೆಯನ್ನು ಬಳಸಿಕೊಂಡು ಹೋಗಬೇಕು. ಇದಕ್ಕೆ ಪ್ರಪಂಚದಾದ್ಯಂತ ಬಳಸೋ ಒಂದು ಸರಳ ಲೆಕ್ಕ ಇದೆ, 'ಅರ್ಧದ ನಿಯಮ' ಅನ್ನಿ. ಗುಡ್ಡದ ಇಳಿಜಾರು 100 ಅಡಿಗೆ 20 ಅಡಿ ಇದ್ದರೆ, ದಾರಿಯ ಇಳಿಜಾರು 100 ಅಡಿಗೆ 10 ಅಡಿ ದಾಟಬಾರದು. ದಾಟಿದರೆ ನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗೋ ಬದಲು ದಾರಿಯ ಉದ್ದಕ್ಕೇ ಓಡುತ್ತೆ. ದಾರಿಯ ಹೊರ ಅಂಚನ್ನು ಸ್ವಲ್ಪವೇ ತಗ್ಗಿಸಿರುತ್ತಾರೆ, ನೀರು ಹೊರಗೆ ಜಾರಲಿ ಅಂತ. ಇಷ್ಟಿಷ್ಟು ದೂರಕ್ಕೊಮ್ಮೆ ದಾರಿ ಇಳಿದು, ಒಂದು ಸಣ್ಣ ಏರು ಏರಿ, ಮತ್ತೆ ಇಳಿಯುತ್ತೆ. ಸವಾರನಿಗೆ ಅದು ಹೊಟ್ಟೆಯೊಳಗೆ ಕಚಗುಳಿ ಇಡೋ ಮಜಾ. ಕಟ್ಟಿದವನಿಗೆ ಅದು ನೀರು ಹೊರಗೆ ಹಾಕೋ ಬಾಗಿಲು.

ಇಳಿಜಾರು ಕಡಿದಾಗಿರೋ ಕಡೆ ಕಲ್ಲು ಹಾಕ್ತಾರೆ. ಆ ಕಲ್ಲನ್ನು ಮಲಗಿಸೋದಿಲ್ಲ, ನಿಲ್ಲಿಸಿ ಹೂಳ್ತಾರೆ. ಹೆಚ್ಚಿನ ಭಾಗ ಮಣ್ಣೊಳಗೆ, ತಲೆ ಮಾತ್ರ ಮೇಲೆ. ಒಂದಕ್ಕೊಂದು ಬಿಗಿಯಾಗಿ ಕೂತ ಮೇಲೆ ಟಯರು ಎಷ್ಟು ಉಜ್ಜಿದರೂ ಕದಲುವುದಿಲ್ಲ. ಈ ಕಾಡಿನ ದಾರಿಗಳಿಗೆ ಹೆಸರು ಬಂದಿದ್ದೇ ಈ ಕಲ್ಲಿನಿಂದ. ತಿರುವಿನಲ್ಲಿ ಹೊರಗಿನ ಅಂಚು ಎತ್ತರಿಸಿ ತೊಟ್ಟಿಲಿನ ಥರ ಮಾಡ್ತಾರೆ. ನಾವು ಹೈವೇ ಪೇಪರ್‌ನಲ್ಲಿ ಸೂಪರ್ ಎಲಿವೇಷನ್ ಅಂತ ಓದಿ, ಬರೆದು, ಮರೆತಿದ್ದು ಅದೇ. ನನ್ನ ಗೆಳೆಯ ಹೇಳಿದ, "ಆ ಪೇಪರ್ ಎರಡು ಸಲ ಬರೆದೆ, ಅರ್ಥ ಆಗಿದ್ದು ಆ ಕಾಡಲ್ಲಿ ಬಿದ್ದಾಗ."

ಇನ್ನೊಂದು ಮಾತು. ಇಷ್ಟೆಲ್ಲ ಕಟ್ಟಿದರೂ ಅದು ಕಟ್ಟಿದ್ದು ಅಂತ ಕಾಣಬಾರದು, ಕಾಡಿನದೇ ದಾರಿ ಅನ್ನಿಸಬೇಕು. ಅದರಲ್ಲೇ ಅಪಾಯವೂ ಇದೆ. ಕಾಣದ ಕೆಲಸಕ್ಕೆ ಬಜೆಟ್ ಕೇಳೋದು ಕಷ್ಟ. ಎಲೆ ಬಿದ್ದು ಕಾಲುವೆ ಕಟ್ಟುತ್ತೆ, ಬ್ರೇಕ್ ಹಾಕಿ ಹಾಕಿ ತಿರುವಿನ ಮುಂದೆ ಗುಂಡಿ ಬೀಳುತ್ತೆ, ಮರ ಕಡಿಯುವಾಗ ದಾರಿ ಮುಚ್ಚಿ ಬೇರೆ ಕಡೆ ತಿರುಗಿಸಬೇಕಾಗುತ್ತೆ. ದಾರಿ ಕಟ್ಟೋದು ಒಂದು ಸಲ, ನೋಡಿಕೊಳ್ಳೋದು ಪ್ರತಿ ವಾರ.

ದಾರಿಗಳಿಗೆ ಬಣ್ಣದ ಗುರುತಿದೆ. ಹಸಿರು ಎಲ್ಲರಿಗೂ, ನೀಲಿ ಸ್ವಲ್ಪ ಅಭ್ಯಾಸ ಇದ್ದವರಿಗೆ, ಕೆಂಪು ನುರಿತವರಿಗೆ, ಕಪ್ಪು ಅಂದ್ರೆ ಮನೆಯಲ್ಲಿ ಹೇಳಿ ಹೊರಡಿ. ಇಲ್ಲಿನ ಒಂದು ಕಪ್ಪು ದಾರಿಗೆ 'ಬೀಸ್ಟ್ ಆಫ್ ಬ್ರೆನಿನ್', ಅಂದ್ರೆ ಮೃಗ, ಅಂತಲೇ ಹೆಸರು. ಆದರೆ ನನಗೆ ಇಷ್ಟವಾಗಿದ್ದು 'ಮೈನೋಟಾರ್' ಅನ್ನೋ ನೀಲಿ ದಾರಿ. ಕಾಲಿನ ಶಕ್ತಿ ಇಲ್ಲದವರು ಕೈಯಲ್ಲಿ ಪೆಡಲ್ ತುಳಿಯೋ... ತಪ್ಪಾಯ್ತು, ಕೈಯಲ್ಲಿ ತಿರುಗಿಸೋ ಸೈಕಲ್ಲು, ಮೂರು ಚಕ್ರದ ಸೈಕಲ್ಲು, ಇವೂ ಹೋಗುವ ಹಾಗೆ ಅದನ್ನು ಕಟ್ಟಿದ್ದಾರೆ.

ಇದೆಲ್ಲದಕ್ಕೆ ಪ್ರವೇಶ ಟಿಕೆಟ್ ಇಲ್ಲ. ಕಾರ್ ಪಾರ್ಕಿಂಗಿಗೆ ದುಡ್ಡು, ಅಷ್ಟೇ. ಕಾಡಿಗೆ ಗೇಟೇ ಇಲ್ಲ ಅಂದ ಮೇಲೆ ಟಿಕೆಟ್ ಹರಿಯೋದೆಲ್ಲಿ?

ಹಾಗಾಗಿ 2006ರಲ್ಲಿ ಮರದ ಒಂದು ಹೊಸ ಕಟ್ಟಡ ತೆರೆದರು. ಸಂದರ್ಶಕರ ಕೇಂದ್ರ. ಕೆಫೆ, ಅಂಗಡಿ, ಶೌಚಾಲಯ, ಸ್ನಾನದ ವ್ಯವಸ್ಥೆ, ಸೈಕಲ್ ತೊಳೆಯೋ ಜಾಗ, ಬಾಡಿಗೆ ಸೈಕಲ್. ಬರೇ ಹೋಟೆಲ್ ಅಂದುಕೊಂಡರೆ ತಪ್ಪು. ಮೊದಲ ಸಲ ಬಂದವರು ನಕ್ಷೆ ಕೇಳೋದು ಅಲ್ಲಿ. ಯಾವ ದಾರಿ ಇವತ್ತು ಮುಚ್ಚಿದೆ ಅಂತ ಗೊತ್ತಾಗೋದು ಅಲ್ಲಿ. ಗಂಡ ಕಪ್ಪು ದಾರಿಗೆ ಹೋದಾಗ ಹೆಂಡತಿ, ಮಕ್ಕಳು, ವಯಸ್ಸಾದ ಅತ್ತೆ ಬೆಚ್ಚಗೆ ಕೂರೋದು ಅಲ್ಲಿ. (ಹೆಂಡತಿ ಕಪ್ಪು ದಾರಿಗೆ ಹೋಗಿ ಗಂಡ ಮಗು ಹಿಡಿದು ಕೂರೋದೇ ಜಾಸ್ತಿ ಅಂತ ಗೆಳೆಯನ ಹೆಂಡತಿ ಫೋನಿನ ಹಿಂದಿನಿಂದ ತಿದ್ದಿದರು.) ಮಳೆಯಲ್ಲಿ ನೆನೆದು, ಮೊಣಕಾಲು ಕೆರೆಸಿಕೊಂಡು ಬಂದವನಿಗೆ ಒಂದು ಬಿಸಿ ಲೋಟ ಸಿಕ್ಕೋದು ಅಲ್ಲಿ.

ಅದು ಮುಚ್ಚಿದ್ದು 2025ರ ಮಾರ್ಚ್ 31ಕ್ಕೆ.

ಮುಚ್ಚಿದ್ದು ಯಾರು? 2013ರಲ್ಲಿ ಮೂರು ಇಲಾಖೆ ಸೇರಿಸಿ ಮಾಡಿದ 'ನ್ಯಾಚುರಲ್ ರಿಸೋರ್ಸಸ್ ವೇಲ್ಸ್' ಅನ್ನೋ ಸರ್ಕಾರಿ ಸಂಸ್ಥೆ. ಅರಣ್ಯ ಆಯೋಗದ ವೇಲ್ಸ್ ಭಾಗವೂ ಅದರಲ್ಲೇ ಸೇರಿತು. ಆ ಸಂಸ್ಥೆಗೆ ಸುಮಾರು 1.3 ಕೋಟಿ ಪೌಂಡ್, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿ ಆಸುಪಾಸು, ಕೊರತೆ ಬಿತ್ತು. ಹುದ್ದೆಗಳಿಗೆ ಕತ್ತರಿ ಬಿತ್ತು. ಜೊತೆಗೆ ಮೂರು ಸಂದರ್ಶಕರ ಕೇಂದ್ರಗಳಲ್ಲಿ ಕೆಫೆ, ಅಂಗಡಿ ನಡೆಸೋದನ್ನು ನಿಲ್ಲಿಸಿದರು. ಇದು, ಬೂಲ್ಖ್ ನಾಂಟ್ ಅರ್ ಆರಿಯನ್, ಇನಿಸ್‌ಲಾಸ್. ದಾರಿಗಳು, ಪಾರ್ಕಿಂಗ್, ಶೌಚಾಲಯ ಮುಂದುವರಿಯುತ್ತವೆ, ಕೆಫೆ ನಡೆಸೋಕೆ ಬೇರೆಯವರನ್ನು ಹುಡುಕ್ತೀವಿ ಅಂದರು.

ಅಧಿಕಾರಿಗಳನ್ನು ಖಳನಾಯಕ ಮಾಡೋದು ನನ್ನಂಥವರಿಗೆ ಬಹಳ ಸುಲಭ. ಒಂದು ಕ್ಷಣ ಅವರ ಕುರ್ಚಿಯಲ್ಲಿ ಕೂರೋಣ. ನದಿ ಪ್ರವಾಹದ ಮುನ್ನೆಚ್ಚರಿಕೆಯೂ ನಿಮ್ಮದೇ ಕೆಲಸ, ನದಿಗೆ ಕೊಳಕು ಬಿಟ್ಟವರನ್ನು ಹಿಡಿಯೋದೂ ನಿಮ್ಮದೇ, ಕಾಫಿ ಮಾರೋದೂ ನಿಮ್ಮದೇ. ದುಡ್ಡು ಕಮ್ಮಿ ಇದೆ. ಯಾವುದನ್ನು ಬಿಡ್ತೀರಿ? ನಾನೂ ಕಾಫಿಯನ್ನೇ ಬಿಡ್ತಿದ್ದೆನೇನೋ.

ಆದರೆ ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ ಅನ್ನೋದು ನನ್ನ ತಕರಾರು. ಕೆಫೆಯ ಪುಸ್ತಕದಲ್ಲಿ ನಷ್ಟ ಕಾಣುತ್ತೆ ಸರಿ. ಅಲ್ಲಿಗೆ ಬಂದವನು ಡೋಲ್‌ಗೆಲ್ಲೈನಲ್ಲಿ ರಾತ್ರಿ ತಂಗಿ, ಪೆಟ್ರೋಲ್ ಹಾಕಿಸಿ, ಊಟ ಮಾಡಿ ಹೋಗಿದ್ದು ಆ ಪುಸ್ತಕದ ಯಾವ ಕಾಲಂನಲ್ಲಿ ಬರುತ್ತೆ? ನುರಿತ ಸವಾರ ಕೆಫೆ ಇಲ್ಲದಿದ್ದರೂ ಬರ್ತಾನೆ. ಮಕ್ಕಳ ಕೈ ಹಿಡಿದುಕೊಂಡು ಬರೋ ಸಂಸಾರ ಬರುತ್ತಾ? ಮೈನೋಟಾರ್ ದಾರಿಗೆ ಬರೋ ಅಂಗವಿಕಲ ಸವಾರರಿಗೆ ಬೆಚ್ಚಗಿನ ಒಂದು ಕೋಣೆ ಐಷಾರಾಮ ಅಲ್ಲ, ಅವಶ್ಯಕತೆ. ಅವರು ನಿಂತರೆ, ಆಮೇಲೆ ಒಂದು ದಿನ "ಈ ದಾರಿಗೆ ಯಾರೂ ಬರ್ತಿಲ್ಲವಲ್ಲ, ನಿರ್ವಹಣೆ ಯಾಕೆ" ಅನ್ನೋ ಕಡತವೂ ಮೇಜಿಗೆ ಬರಬಹುದು. ನಮ್ಮ ಊರಿನ ಸರ್ಕಾರಿ ಶಾಲೆಗಳಿಗೆ ಇಂಥದೇ ಕಡತ ಬಂದಿದ್ದನ್ನು ನೀವೂ ನೋಡಿದ್ದೀರಿ.

ಸ್ಥಳೀಯರು ಸುಮ್ಮನೆ ಕೂರಲಿಲ್ಲ. ಮೂರೂ ಕೇಂದ್ರ ಉಳಿಸಿ ಅಂತ ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದರು. ಇಲ್ಲಿನವರು 'ಕಾರೀ ಕೊಯ್ಡ್ ಅ ಬ್ರೆನಿನ್' ಅಂತ ಗುಂಪು ಕಟ್ಟಿಕೊಂಡು, ನೀವು ನಡೆಸದಿದ್ದರೆ ಬಿಡಿ, ನಾವೇ ನಡೆಸ್ತೀವಿ ಅಂದರು. ಕಾರೀ ಅಂದರೆ ಪ್ರೀತಿಸು ಅಂತ. ಗೆಳೆಯ ಕೂಡ ಅರ್ಜಿಗೆ ಸಹಿ ಹಾಕಿದ್ದಾನೆ.

ನಮಗೇನು ಇದರಿಂದ ಅಂತ ಕೇಳಿದರೆ, ನಮ್ಮ ಕಾಡಿನಲ್ಲೂ ಸೈಕಲ್ ಬಿಡಿ ಅಂತ ನಾನು ಖಂಡಿತ ಹೇಳೋದಿಲ್ಲ. ಅಲ್ಲಿ ಆನೆ ಇಲ್ಲ, ಹುಲಿ ಇಲ್ಲ, ಇರೋದು ನಾಟಾಕ್ಕೆ ನೆಟ್ಟ ಮರ. ಆದರೆ 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಚಾರಣಕ್ಕೆ ಬಂದು ನಿಂತ ದೃಶ್ಯವನ್ನು ನಾವೇ ನಿಮಗೆ ತೋರಿಸಿದ್ದೆವು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ಬುಕಿಂಗ್ ಬಂದರೆ ಎಷ್ಟು ಜನ ಅನ್ನೋದು ಗೊತ್ತಾಗುತ್ತೆ. ಅಷ್ಟು ಜನ ತುಳಿದ ದಾರಿಯ ನೀರು ಎಲ್ಲಿಗೆ ಹೋಗಬೇಕು, ಆ ಟಿಕೆಟ್ ದುಡ್ಡಲ್ಲಿ ಆ ದಾರಿಗೆ ಎಷ್ಟು ವಾಪಸ್ ಬರುತ್ತೆ, ಇದನ್ನು ಅವತ್ತು ನಮ್ಮ ಚರ್ಚೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಿವಿಲ್ ಓದಿದವನು ಕೇಳಬೇಕಿತ್ತು.

ಗೆಳೆಯ ಕಾಡಿಗೆ ಹೋಗೋದು ಬಿಟ್ಟಿಲ್ಲ. ಮೂರು ಗಂಟೆ ಕಾರು ಓಡಿಸಿಕೊಂಡು ಹೋಗ್ತಾನೆ. ಈಗ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಜೊತೆ ಒಂದು ದೊಡ್ಡ ಫ್ಲಾಸ್ಕ್ ಇರುತ್ತಂತೆ. ಚಿತ್ರಾನ್ನ ಕೂಡ. ಮಗು ಮಾತ್ರ, "ಆ ಮರದ ಮನೆ ಯಾವಾಗ ತೆಗೀತಾರೆ ಅಪ್ಪ?" ಅಂತ ಪ್ರತಿ ಸಲ ಕೇಳುತ್ತಂತೆ.